ಮೇಣ ಹಚ್ಚಿದ ಮರಳು

ಮನು ಬಿದ್ದದ್ದು ಹುಲ್ಲಿನ ಮೇಲೆ.

ಎರಡು ಸಾವಿರದ ನಾಲ್ಕನೆಯ ಇಸವಿ, ಜೂನ್ ತಿಂಗಳು. ಎಡೆಬಿಡದೆ ಹಿಡಿದಿದ್ದ ಮಳೆ ಆ ಬೆಳಿಗ್ಗೆ ಒಂದಿಷ್ಟು ಬಿಡುವು ಕೊಟ್ಟಿತ್ತು. ಈ ಬಿಡುವಿನಲ್ಲೇ ಕುದುರೆಗಳನ್ನು ಓಡಿಸಿ ಮುಗಿಸಿಬಿಡೋಣ ಎಂದರು ಯಜಮಾನರು. ಯಾರೂ ಬೇಡ ಅನ್ನಲಿಲ್ಲ. ಓಟದ ಹುಲ್ಲುಹಾದಿಯ ಕೆಳಗಿನ ತಿರುವಿನಲ್ಲಿ ಮನುವಿನ ಕುದುರೆಯ ಮುಂಗಾಲು ಜಾರಿತು. ಕುದುರೆ ಮಗುಚಿಕೊಂಡು ಬಿದ್ದು, ಎದ್ದು, ಮೈ ಕೊಡವಿ, ಏನೂ ಆಗದ ಹಾಗೆ ಅಲ್ಲೇ ಹುಲ್ಲಿಗೆ ಬಾಯಿ ಹಾಕಿತು. ಮನು ಏಳಲಿಲ್ಲ. ಹಿಂದೆಯೇ ಬರುತ್ತಿದ್ದ ಅಣ್ಣ ಮಹದೇವಸ್ವಾಮಿ ಜೀನಿನಿಂದ ಹಾರಿ ಓಡಿ ಬಂದಾಗ ಅವನಿಗೆ ಚೆನ್ನಾಗಿ ಎಚ್ಚರವಿತ್ತು.

"ಅಣ್ಣ, ನನ್ನ ಕಾಲು ಎಲ್ಲಿದಾವೆ ನೋಡು. ನಂಗೆ ಗೊತ್ತಾಗ್ತಾ ಇಲ್ಲ" ಅಂದ.

ಕಾಲುಗಳು ಇದ್ದಲ್ಲೇ ಇದ್ದವು. ಬೂಟಿನ ಮೇಲೆ ಕೆಸರು ಸಹ ಅಷ್ಟಾಗಿ ಹತ್ತಿರಲಿಲ್ಲ. ಕೊಯಮತ್ತೂರಿನ ಆಸ್ಪತ್ರೆಯಲ್ಲಿ ಮಳೆಗಾಲ ಕಳೆದು ಚಳಿಗಾಲವೂ ಅರ್ಧ ಕಳೆಯಿತು. ಸೊಂಟದಿಂದ ಕೆಳಗೆ ಜೀವ ಮರಳಲಿಲ್ಲ. ಆಗ ಮನುವಿಗೆ ಮದುವೆಯಾಗಿ ಒಂದು ವರ್ಷ ತುಂಬಿತ್ತಷ್ಟೆ.

ಈ ಅಣ್ಣತಮ್ಮಂದಿರ ಅಪ್ಪ ಚೆನ್ನಯ್ಯ ಗುಂಡ್ಲುಪೇಟೆಯ ಕಡೆಯವನು. ಊಟಿಯ ಕುದುರೆ ಲಾಯಗಳಿಗೆ ಒಣಹುಲ್ಲು, ಹುರುಳಿ ತಂದು ಹಾಕುತ್ತ ಹಾಕುತ್ತ ಬೆಟ್ಟದ ಮೇಲೆಯೇ ನೆಲೆನಿಂತ. ಮಕ್ಕಳಿಬ್ಬರೂ ಹುಲ್ಲಿನ ಹೊರೆಯ ಮೇಲೆ ಕೂತು ಲಾಯಕ್ಕೆ ಹೋದವರು, ಅಲ್ಲಿಂದ ನೇರ ಕುದುರೆಯ ಬೆನ್ನಿಗೆ ಹತ್ತಿದರು. ಮಹದೇವಸ್ವಾಮಿ ಎತ್ತರದ ಆಳು, ಜಾಕಿಯಾಗುವಷ್ಟು ಹಗುರ ಇರಲಿಲ್ಲ. ಕುದುರೆಗಳನ್ನು ಪಳಗಿಸುವ, ಬೆಳಗಿನ ಓಟ ಮಾಡಿಸುವ ಕೆಲಸಕ್ಕೆ ನಿಂತ. ಮದುವೆ ಇವತ್ತು ನಾಳೆ ಎಂದು ಮುಂದಕ್ಕೆ ಹೋಗಿ ಕೊನೆಗೆ ಆಗಲೇ ಇಲ್ಲ. ಮನು ಮಾತ್ರ ಹಕ್ಕಿಯ ಹಾಗಿದ್ದ. ಅವನು ಜಾಕಿಯಾದ.

ಅವರಿಬ್ಬರೂ ಕೆಲಸಕ್ಕಿದ್ದ ಲಾಯ ಊಟಿಯಿಂದ ಸೋಲೂರಿಗೆ ಹೋಗುವ ದಾರಿಯಲ್ಲಿತ್ತು. ಅದರ ಯಜಮಾನರು ಜಯರಾಮನ್. ಕೊಯಮತ್ತೂರಿನಲ್ಲಿ ನೂಲಿನ ಗಿರಣಿ ಇಟ್ಟುಕೊಂಡವರು. ನೇಕಾರ ದೇವಾಂಗ ಕುಲದವರಾದ್ದರಿಂದ ಮನೆಮಾತು ಕನ್ನಡವೇ, ಆದರೆ ತಲೆಮಾರುಗಳಿಂದ ತಮಿಳಿನಲ್ಲಿ ನೆನೆದ ಕನ್ನಡ. ಎಳೆಯ ಕುದುರೆಗಳನ್ನು ಬೆಟ್ಟದ ತಂಪಿನಲ್ಲಿ ಬೆಳೆಸಿ, ತಯಾರು ಮಾಡಿ, ರೇಸಿಗೆ ಕೆಳಗಿನ ಊರುಗಳಿಗೆ ಕಳಿಸುವುದು ಅವರ ಹವ್ಯಾಸವೂ ಹೌದು, ಹಟವೂ ಹೌದು. ಮನು ಬಿದ್ದ ಮೇಲೆ ಅವರು ಕೈಬಿಡಲಿಲ್ಲ. ಆಸ್ಪತ್ರೆಯಲ್ಲಿ ಹೆತ್ತ ಮಗನಿಗೆ ಮಾಡಿದ ಹಾಗೆ ಮಾಡಿದರು. ಲಾಯದ ಗೇಟಿನ ಪಕ್ಕದ ಮನೆಯನ್ನು ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟರು. ಗಾಲಿಕುರ್ಚಿ ಹತ್ತಿ ಇಳಿಯಲು ಬಾಗಿಲಿಗೆ ಇಳಿಜಾರು ಕಟ್ಟಿಸಿದರು. ಆದರೂ ಅವರಿಗೆ ಸಮಾಧಾನವಿರಲಿಲ್ಲ. ಆ ಬೆಳಿಗ್ಗೆ ಓಡಿಸಿ ಎಂದದ್ದು ತಾನು ಎಂಬುದು ಅವರ ಎದೆಯಲ್ಲಿ ಮುರಿದ ಮುಳ್ಳಿನ ಹಾಗೆ ನಿಂತುಬಿಟ್ಟಿತ್ತು.

ಅದೇ ಹೊತ್ತಿಗೆ ಅವರು ಯಾವುದೋ ಕೆಲಸದ ಮೇಲೆ ವಿದೇಶಕ್ಕೆ ಹೋದರು. ಅಲ್ಲಿ ಜಡಿಮಳೆಯಲ್ಲಿ ಕುದುರೆಗಳು ಓಡುವುದನ್ನು ಕಂಡರು. ಒಂದೂ ಜಾರಲಿಲ್ಲ. ನೆಲ ಹುಲ್ಲಿನದಾಗಿರಲಿಲ್ಲ, ಮಣ್ಣಿನದೂ ಆಗಿರಲಿಲ್ಲ. ಮರಳಿಗೆ ಮೇಣ ಹಚ್ಚಿ, ಅದಕ್ಕೆ ರಬ್ಬರಿನ ಚೂರು, ನಾರಿನ ಎಳೆ ಬೆರೆಸಿ ಹಾಸಿದ್ದರು. ಬಿದ್ದ ನೀರು ನಿಲ್ಲದೆ ಕೆಳಕ್ಕೆ ಇಂಗಿಹೋಗುತ್ತಿತ್ತು. ತಿರುಗಿ ಬಂದವರೇ ಮಹದೇವಸ್ವಾಮಿಯನ್ನು ಕರೆದು, "ಸ್ವಾಮಿ, ಇನ್ನು ಎಂಗಳ ಲಾಯದಲ್ಲಿ ಯಾರೂ ಬೀಳ ಕೂಡದು" ಅಂದರು. ಅವರ ಕಣ್ಣು ತುಂಬಿತ್ತು.

ಮೆಟ್ಟುಪಾಳ್ಯದ ಘಾಟಿ ಹತ್ತಿ ಲಾರಿಗಳು ಬಂದವು. ಹಳೆಯ ಹುಲ್ಲನ್ನು ಕೆರೆದು ತೆಗೆದರು. ಜಲ್ಲಿ ಹಾಸಿದರು, ಅದರ ಮೇಲೆ ನೀರು ಇಳಿಯುವಂಥ ಡಾಂಬರು ಹಾಕಿದರು, ಅದರ ಮೇಲೆ ಆ ಹೊಸ ವಸ್ತು. ಕಪ್ಪುಬೂದು ಬಣ್ಣ, ಮುಟ್ಟಿದರೆ ಕೈಗೆ ಸ್ವಲ್ಪ ಜಿಡ್ಡು. ಹತ್ತಿರ ಹೋದರೆ ಮೇಣದಬತ್ತಿ ಆರಿಸಿದಾಗಿನ ವಾಸನೆ. ಕೆಳಗಿನ ಹಟ್ಟಿಯ ಜನ ಕ್ಯಾರೆಟ್ ಹೊಲದಿಂದ ಎದ್ದು ಬಂದು, ಬೇಲಿ ಹಿಡಿದು ನಿಂತು ನೋಡಿದರು. ಲಾಯದಲ್ಲಿ ಕುದುರೆ ನೋಡಿಕೊಳ್ಳುವ ಸೈಸು ಕೆಲಸ ಮಾಡುತ್ತಿದ್ದ ಹಿರಿಯ ಎಂಬ ಬಡಗ ಜನಾಂಗದವನು ಅದೇ ಹಟ್ಟಿಯವನು. ಅವನು ಒಂದು ಹಿಡಿ ಎತ್ತಿ ಮೂಸಿ, "ಇದರ ಮೇಲೆ ಏನೂ ಬೆಳೆಯದಲ್ಲ ಅಣ್ಣ" ಅಂದ.

"ಬೆಳೆಯೋದಕ್ಕಲ್ಲ ಹಿರಿಯ, ಓಡೋದಕ್ಕೆ" ಎಂದು ಮಹದೇವಸ್ವಾಮಿ ನಕ್ಕ.

ಟ್ರ್ಯಾಕ್ ತೆರೆದ ದಿನ ಜಯರಾಮನ್ ಮನುವಿನ ಕುರ್ಚಿಯನ್ನು ತಾವೇ ತಳ್ಳಿಕೊಂಡು ಟ್ರ್ಯಾಕಿನ ಅಂಚಿನ ಕಟಕಟೆಯ ತನಕ ತಂದರು. ಬಗ್ಗಿ, ಒಂದು ಹಿಡಿ ಮರಳು ತೆಗೆದು ಅವನ ಅಂಗೈಗೆ ಹಾಕಿ, "ತಂಬಿ, ಇದು ನಿನ್ನದು. ಇದನ್ನ ನೋಡಿಕೊಳ್ಳೋ ಕೆಲಸವೂ ನಿನ್ನದೇ" ಅಂದರು.

ಮನು ಅಂಗೈಯಲ್ಲಿದ್ದುದನ್ನು ಬಹಳ ಹೊತ್ತು ನೋಡಿದ. "ಎರಡು ವರ್ಷ ಮುಂಚೆ ಬಂದಿದ್ರೆ" ಎಂದು ಮೆಲ್ಲಗೆ ಅಂದು ಮುಷ್ಟಿ ಮುಚ್ಚಿಕೊಂಡ.

ಆ ಮಳೆಗಾಲ ಹಬ್ಬದ ಹಾಗೆ ಕಳೆಯಿತು. ಜುಲೈಯ ಗಾಳಿಮಳೆಯಲ್ಲಿ ಊಟಿಗೆ ಊಟಿಯೇ ಕಂಬಳಿ ಹೊದ್ದು ಕೂತಿದ್ದಾಗ ಇಲ್ಲಿ ಕುದುರೆಗಳು ಓಡುತ್ತಿದ್ದವು. ಜಾರುವುದಿಲ್ಲ, ಕೆಸರು ಎರಚುವುದಿಲ್ಲ, ಗೊರಸಿನ ಸದ್ದೂ ಇಲ್ಲ. ಮನು ಜಗುಲಿಯ ಮೇಲೆ ದುರ್ಬೀನು ಹಿಡಿದು ಕೂರುತ್ತಿದ್ದ. ಯಾವಾಗ ಟ್ರ್ಯಾಕ್ಟರಿಗೆ ಹಲುಬೆ ಕಟ್ಟಿ ನೆಲ ಸಡಿಲಿಸಬೇಕು, ಯಾವಾಗ ರೋಲರ್ ಎಳೆಯಬೇಕು, ಎಲ್ಲ ಅವನ ಅಪ್ಪಣೆ. ದೊಡ್ಡ ಗಂಟಲಿನಲ್ಲಿ ಕೂಗಿ ಹೇಳುವನು, ಟ್ರ್ಯಾಕ್ಟರ್ ಓಡಿಸುವ ಕಾಳನ ಜೊತೆ ಜಗಳ ಕಾಯುವನು, ಮರುಗಳಿಗೆ ಅವನನ್ನೇ ಕರೆದು ಚಹಾ ಕುಡಿಸುವನು. ಒಂದು ದಿನ ಮನುವಿನ ಹೆಂಡತಿ ಸುಧಾ ಒಲೆಯ ಮುಂದೆ ನಿಂತು, ತಿರುಗಿ ನೋಡದೆ, "ಭಾವ, ಇವತ್ತು ಅವರು ಮೀಸೆ ತಿದ್ದಿಕೊಂಡ್ರು. ಕನ್ನಡಿ ಕೇಳಿದ್ರು" ಅಂದಳು. ಮಹದೇವಸ್ವಾಮಿ ತಟ್ಟೆಯಲ್ಲಿದ್ದ ಮುದ್ದೆಯನ್ನು ಸುಮ್ಮನೆ ಮುರಿಯುತ್ತ ಕೂತ. ಆಸ್ಪತ್ರೆಯಿಂದ ಬಂದ ಮೇಲೆ ಆ ಮನೆಯಲ್ಲಿ ಯಾರೂ ಕನ್ನಡಿ ತೂಗುಹಾಕಿರಲಿಲ್ಲ.

ಆ ಲಾಯದಲ್ಲಿ ಒಂದು ಕೆಂದು ಬಣ್ಣದ ಹೆಣ್ಣು ಕುದುರೆ ಇತ್ತು. ಕಾಗದದಲ್ಲಿ ಅದಕ್ಕೆ ಉದ್ದನೆಯ ಇಂಗ್ಲಿಷ್ ಹೆಸರು, ಲಾಯದಲ್ಲಿ ಎಲ್ಲರಿಗೂ ಕೆಂಪಿ. ಮನು ಆಸ್ಪತ್ರೆಯಿಂದ ಬಂದ ಹೊಸತರಲ್ಲಿ ಇನ್ನೂ ತಾಯಿಯ ಮಗ್ಗುಲು ಬಿಡದ ಮರಿಯಾಗಿತ್ತು. ಮೊದಲು ಅವನ ಗಾಲಿಕುರ್ಚಿಗೆ ಬೆದರಿ, ಆಮೇಲೆ ಅದರ ಹಿಡಿಯನ್ನು ನೆಕ್ಕಿ, ಕೊನೆಗೆ ಅವನ ತೊಡೆಯ ಮೇಲೆ ತಲೆಯಿಟ್ಟು ಬೆಲ್ಲ ಕೇಳುವಷ್ಟು ಸಲಿಗೆ ಬೆಳೆಸಿಕೊಂಡಿತ್ತು. ಬೆಳೆದಂತೆ ಅದರ ಓಟ ಕಂಡು ಎಲ್ಲರಿಗೂ ಆಸೆ ಹುಟ್ಟಿತು. ಹಿರಿಯ ಅದರ ಸೈಸು. ಓಡಿಸುವವನು ಮಹದೇವಸ್ವಾಮಿ. ಅದರ ಬೆನ್ನಿನ ಮೇಲೆ ಕೂತರೆ ತನ್ನ ನಡುವಯಸ್ಸು ಮರೆತುಹೋಗುತ್ತದೆ ಎಂದು ಅವನಿಗೆ ಅನ್ನಿಸುತ್ತಿತ್ತು. ಬಾಯಿ ಬಿಟ್ಟು ಹೇಳಿರಲಿಲ್ಲ.

ತೊಂದರೆ ಡಿಸೆಂಬರಿನಲ್ಲಿ ಶುರುವಾಯಿತು. ಆ ತಿಂಗಳಲ್ಲಿ ಅಲ್ಲಿ ಇಬ್ಬನಿ ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ, ಕಣಿವೆಯ ತಳವೆಲ್ಲ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗಾಗುತ್ತದೆ. ಮೊದಲು ಒಂದು ಗಂಡು ಕುದುರೆ ಹಿಂಗಾಲನ್ನು ಎಳೆದು ಹಾಕತೊಡಗಿತು. ಬಾವಿಲ್ಲ, ಗಾಯವಿಲ್ಲ. ಆಮೇಲೆ ಮತ್ತೊಂದು. ಸಂಕ್ರಾಂತಿಯ ಹೊತ್ತಿಗೆ ಲಾಯದಲ್ಲಿ ಕುಂಟುವ ಕುದುರೆಗಳು ಒಂದು ಸಾಲೇ ಆದವು. ಓಡಿ ಬಂದವು ಕೆಮ್ಮುತ್ತಿದ್ದವು, ಮೂಗಿನ ಹೊಳ್ಳೆಯಲ್ಲಿ ಕಪ್ಪು ನಾರಿನ ಎಳೆ ಸಿಗುತ್ತಿತ್ತು. ಊಟಿಯಿಂದ ಬರುತ್ತಿದ್ದ ಪಶುವೈದ್ಯೆ ವೀಣಾ, ಮೈಸೂರಿನವರು, ಒಂದೊಂದರ ಕಾಲನ್ನೂ ಒತ್ತಿ, ಮಡಿಸಿ, ನಡೆಸಿ ನೋಡಿದರು.

"ಡಾಕ್ಟ್ರಮ್ಮ, ಟ್ರ್ಯಾಕಿನಿಂದಲೇ ಹೀಗಾಗ್ತಾ ಇದೆಯಾ?" ಮಹದೇವಸ್ವಾಮಿ ಕೇಳಿದ.

ಅವರು ಕೈ ಒರೆಸಿಕೊಂಡರು. "ಹೌದು ಅಂತ ಹೇಳೋಕೆ ನನ್ನ ಹತ್ತಿರ ಆಧಾರ ಇಲ್ಲ ಸ್ವಾಮಿಯವರೆ. ಅಲ್ಲ ಅಂತ ಹೇಳೋಕೆ ಧೈರ್ಯ ಇಲ್ಲ. ಹುಲ್ಲಿನಲ್ಲಿ ಕಾಲಿಟ್ಟಾಗ ಗೊರಸು ಒಂಚೂರು ಜಾರಿ ನಿಲ್ಲತ್ತೆ. ಇಲ್ಲಿ ಇಟ್ಟಲ್ಲೇ ಹಿಡಿದುಕೊಳ್ಳತ್ತೆ. ಆ ಏಟೆಲ್ಲ ಎಲ್ಲಿಗೆ ಹೋಗಬೇಕು? ಕಾಲಿಗೇ ಹೋಗಬೇಕು. ಇದು ನನ್ನ ಅನುಮಾನ ಅಷ್ಟೆ."

ಟ್ರ್ಯಾಕ್ ಹಾಕಿದ ಕಂಪನಿಯ ಇಂಜಿನಿಯರು ಬಂದ. ತೆಳ್ಳನೆಯ ಬಿಳಿಯ, ಒಳ್ಳೆಯವನೇ. ಬೆಳಗಿನಿಂದ ಸಂಜೆಯವರೆಗೆ ಟ್ರ್ಯಾಕಿನ ಮೇಲೆ ಮೊಣಕಾಲೂರಿ ಅಗೆದ, ಅಳೆದ, ಶಾಖ ನೋಡಿದ. ಕೆಳಗಿನ ತಿರುವಿಗೆ ನೀಲಗಿರಿ ಮರಗಳ ನೆರಳು. ಅಲ್ಲಿ ಮೇಣ ಚಳಿಗೆ ಬಿರುಸಾಗಿ ಮರಳು ಉದುರುದುರಾಗಿತ್ತು, ಅಡಿಯಲ್ಲಿ ಕಲ್ಲಿನಂತೆ ಗಟ್ಟಿ. ಮೇಲಿನ ನೇರ ಹಾದಿಗೆ ಬೆಟ್ಟದ ಚುರುಕು ಬಿಸಿಲು ಬಿದ್ದು ಅದೇ ಮರಳು ಅಂಟಂಟಾಗಿತ್ತು. ತನ್ನ ದೇಶದಲ್ಲಿ ಚಳಿ ಎಂದರೆ ಎಲ್ಲ ಕಡೆ ಚಳಿ, ಬಿಸಿಲು ಎಂದರೆ ಎಲ್ಲ ಕಡೆ ಬಿಸಿಲು, ಹೀಗೆ ಒಂದೇ ಬೆಳಿಗ್ಗೆ ಎರಡೂ ಇರುವ ಜಾಗದಲ್ಲಿ ತಾವು ಇದನ್ನು ಹಾಕಿದ್ದೇ ಮೊದಲು ಎಂದು ಅವನು ಜಯರಾಮನ್‌ಗೆ ಹೇಳಿದ. ಬೇರೆ ಮೇಣ ಕಳಿಸುತ್ತೇನೆಂದು ಹೋದ, ಕಳಿಸಿಯೂ ಕಳಿಸಿದ. ಅದನ್ನು ಬೆರೆಸಿದ ಮೇಲೆ ಏಪ್ರಿಲ್ ಬಿಸಿಲಿಗೆ ಟ್ರ್ಯಾಕ್ ಮೆತ್ತಗಾಗಿ, ಗೊರಸಿನ ಅಡಿಯಲ್ಲಿ ಉಂಡೆ ಕಟ್ಟಿ, ಕುದುರೆಗಳು ಎತ್ತರದ ಚಪ್ಪಲಿ ತೊಟ್ಟವರ ಹಾಗೆ ತಡವರಿಸಿದವು. ನಾರು ಹೆಚ್ಚು ಹಾಕಿದರು, ಗಟ್ಟಿಯಾಯಿತು. ನೀರು ಹೊಡೆದರು, ಒಂದು ವಾರ ಸರಿಹೋಯಿತು, ಆಮೇಲೆ ಯಥಾಪ್ರಕಾರ.

ಇಷ್ಟಾದರೂ ಮನುವಿನ ಮುಂದೆ ಯಾರೂ ಟ್ರ್ಯಾಕಿನದು ತಪ್ಪು ಎನ್ನುತ್ತಿರಲಿಲ್ಲ. ಲಾಳ ಹೊಡೆದದ್ದು ಸರಿಯಿಲ್ಲ, ಮೇವು ಸರಿಯಿಲ್ಲ, ಕಾಳ ಹಲುಬೆಯನ್ನು ಆಳಕ್ಕೆ ಬಿಡುವುದಿಲ್ಲ ಎಂದು ಮನು ಪಟ್ಟು ಹಿಡಿದು ಹೇಳುತ್ತಿದ್ದ, ಉಳಿದವರು ಹೌದೆಂದು ತಲೆಯಾಡಿಸುತ್ತಿದ್ದರು.

ಮತ್ತೆ ಡಿಸೆಂಬರ್ ಬಂತು. ಆ ವರ್ಷದ ಚಳಿ ಹಿಂದಿನದಕ್ಕಿಂತ ಜೋರಿತ್ತು. ಒಂದು ಬೆಳಿಗ್ಗೆ ಓಟ ಮುಗಿಸಿ ಬಂದ ಮಹದೇವಸ್ವಾಮಿ ಜಗುಲಿಯಲ್ಲಿ ತಮ್ಮನ ಪಕ್ಕ ಕೂತು, ಹೇಗೆ ತೆಗೆಯಬೇಕೆಂದು ತಿಳಿಯದೆ ಚಹಾದ ಲೋಟವನ್ನು ತಿರುಗಿಸುತ್ತ, "ಮನು, ಈ ಚಳಿ ಕಳೆಯೋವರೆಗೂ ಕೆಳಗಿನ ತಿರುವಿಗೆ ಕುದುರೆ ಬಿಡೋದು ಬೇಡ ಅನ್ಸತ್ತೆ ಕಣೋ" ಅಂದ.

ಮನು ದುರ್ಬೀನು ಇಳಿಸಿದ. "ಯಾಕೆ?"

"ನೆಲ ಒಂದೇ ಸಮ ಇಲ್ಲ. ಕಾಲಿಗೆ ಗೊತ್ತಾಗತ್ತೆ."

"ಯಾರ ಕಾಲಿಗೆ?"

ಮಹದೇವಸ್ವಾಮಿ ಲೋಟವನ್ನು ಮತ್ತೊಮ್ಮೆ ತಿರುಗಿಸಿದ.

"ಹುಲ್ಲಿನ ಮೇಲೆ ಓಡ್ಸಿದ್ರಿ, ನಾನು ಹಿಂಗಾದೆ" ಅಂದ ಮನು. ದನಿ ಏರಿಸಲಿಲ್ಲ, ಅದೇ ಕಷ್ಟವಾಯಿತು. "ಇದು ಬಂದ ಮೇಲೆ ಒಬ್ಬನಾದ್ರೂ ಬಿದ್ದಿದಾನಾ? ಹೇಳಣ್ಣ, ಒಬ್ಬ? ಈಗ ಇದೂ ಬೇಡ ಅಂದ್ರೆ, ನಾನು ಬಿದ್ದಿದ್ದರಿಂದ ಆಗಿದ್ದಾದ್ರೂ ಏನು?"

ಒಳಗೆ ಸುಧಾ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತು. ಮಹದೇವಸ್ವಾಮಿ ಲೋಟ ಕೆಳಗಿಟ್ಟು, "ಆಯ್ತು ಬಿಡು. ಬಿಸಿಲು ಬಂದ ಮೇಲೆ ಓಡ್ಸೋಣ" ಎಂದು ಎದ್ದ.

ಅವನು ಜಯರಾಮನ್ ಹತ್ತಿರವೂ ಹೋದ. ಅವರು ಲಾಯದ ಕೋಣೆಯಲ್ಲಿ ಶಾಲು ಹೊದ್ದು ಕೂತಿದ್ದರು. ಈ ಎರಡು ವರ್ಷದಲ್ಲಿ ಅವರ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಇವನು ಹೇಳುವುದನ್ನೆಲ್ಲ ಕೇಳಿ, "ನನಗೆ ತೆರಿಯಾದು, ಗೊತ್ತೇ ಇಲ್ಲ ಅಂದ್ಕೊಂಡೆಯಾ ಸ್ವಾಮಿ? ಕುಂಟೋ ಕುದುರೆ ನನ್ನವು ತಾನೆ?" ಅಂದರು. "ಕಿತ್ತು ಹಾಕಲಾ? ಹಾಕ್ತೀನಿ. ಮತ್ತೆ ಹುಲ್ಲು ಬೆಳೆಸಲಾ? ಬೆಳೆಸ್ತೀನಿ. ಜೂನ್ ಮಳೆ ಬರುತ್ತೆ, ಇನ್ನೊಬ್ಬ ಪಿಳ್ಳೆ ಬೀಳ್ತಾನೆ. ಇದನ್ನ ಹೀಗೇ ಇಟ್ಟರೆ ಕುದುರೆ ಹೋಗುತ್ತೆ, ಹುಲ್ಲು ತಂದರೆ ಆಳು ಹೋಗ್ತಾನೆ. ಯಾವುದು ಬೇಕು, ನೀನೇ ಹೇಳು. ನೀನು ಹೇಳಿದ ಹಾಗೆ ಮಾಡ್ತೀನಿ."

ಮಹದೇವಸ್ವಾಮಿ ಬಾಗಿಲಾಚೆ ಟ್ರ್ಯಾಕಿನ ಕಡೆ ನೋಡಿದ.

"ಸರಿ, ಕೀಳಿಸೋದೇ ಅಂತ ಇಟ್ಕೋ. ಮನುಗೆ ಯಾರು ಹೇಳೋದು? ನಾನು ಅವನ ಕೈಗೆ ಕೊಟ್ಟಿದ್ದು. ತಿರುಗಿ ಕೊಡು ಅಂತ ನನ್ನ ಬಾಯಲ್ಲಿ ಬರಾದು. ನೀನು ಹೇಳ್ತೀಯಾ?"

"ನನ್ನ ಕೈಲೂ ಆಗಲ್ಲ ಸಾರ್."

"ಆಗ?"

ಮಹದೇವಸ್ವಾಮಿ ಹೊರಗೆ ಬಂದಾಗ ಹಿರಿಯ ಕೆಂಪಿಯ ಮೈ ತಿಕ್ಕುತ್ತಿದ್ದ. ಬಿಸಿ ಮೈಯಿಂದ ಆವಿ ಏಳುತ್ತಿತ್ತು. ಮಾರ್ಚಿನಲ್ಲಿ ಅದರ ಮೊದಲ ರೇಸು, ಚೆನ್ನೈಯಲ್ಲಿ. ಓಡಿಸದೆ ಇಟ್ಟರೆ ಇಷ್ಟು ದಿನದ ತಯಾರಿ ಮಣ್ಣುಪಾಲು. ಓಡಿಸಿದರೆ ಇದೇ ನೆಲ. ಬೇರೆಯವರನ್ನು ಹತ್ತಿಸಲು ಮನಸ್ಸು ಬಾರದೆ ಅವನು ದಿನವೂ ತಾನೇ ಹತ್ತಿದ. ಬಿಸಿಲು ಬರುವ ತನಕ ಲಾಯದ ಸುತ್ತ ನಡೆಸುತ್ತಿದ್ದ. ತಿರುವಿನ ಹತ್ತಿರ ಲಗಾಮು ಬಿಗಿಹಿಡಿದು ವೇಗ ತಗ್ಗಿಸುತ್ತಿದ್ದ. ಅಷ್ಟು ಬಿಟ್ಟರೆ ಅವನ ಕೈಯಲ್ಲಿ ಇನ್ನೇನೂ ಇರಲಿಲ್ಲ.

ಜನವರಿಯ ಆ ದಿನ ಬಿಸಿಲು ಒಳ್ಳೆಯದಾಗಿಯೇ ಬಿತ್ತು. ಜಗುಲಿಯಿಂದ ಮನು ಕೈಯೆತ್ತಿ, ಬಿಡಬಹುದು ಎಂದು ಸನ್ನೆ ಮಾಡಿದ. ಮೇಲಿನ ನೇರದಲ್ಲಿ ಕೆಂಪಿ ತಾನಾಗಿ ಬಿಚ್ಚಿಕೊಂಡು ಓಡಿತು. ಕಿವಿ ಮುಂದಕ್ಕೆ, ಉಸಿರು ಹದವಾಗಿ, ಎಷ್ಟು ಸುಖವಾಗಿ ಓಡಿತೆಂದರೆ ಮಹದೇವಸ್ವಾಮಿಯ ಎದೆಯ ಭಯ ಒಂದು ಗಳಿಗೆ ಕರಗಿಯೇ ಹೋಯಿತು. ತಿರುವು ಬಂತು. ಲಗಾಮು ಎಳೆದ. ಅದು ಮಾತು ಕೇಳಿ ವೇಗ ತಗ್ಗಿಸಿತು. ನೆರಳು ಬಿಸಿಲು ಸೇರುವ ಕಡೆ ನೆಲದ ಬಣ್ಣದಲ್ಲಿ ಯಾವ ವ್ಯತ್ಯಾಸವೂ ಇರಲಿಲ್ಲ. ಹೆಜ್ಜೆಯೊಂದು ಕೆಳಗೆ ಗಟ್ಟಿಯಾಗಿ ಬಡಿದದ್ದು ಅವನ ಬೆನ್ನುಮೂಳೆಗೆ ತಾಗಿತು. ಮುಂದಿನ ಹೆಜ್ಜೆಯಲ್ಲಿ ಒಣಕೊಂಬೆ ಮುರಿದಂಥ ಸದ್ದು. ಕೆಂಪಿಯ ಹಿಂಭಾಗ ಒಮ್ಮೆ ಕುಸಿದು ಮತ್ತೆ ಎದ್ದಿತು.

ಅದು ಬೀಳಲಿಲ್ಲ. ಇನ್ನೂ ನಾಲ್ಕಾರು ಮಾರು ಮೂರೇ ಕಾಲಲ್ಲಿ ಹೋಗಿ, ಅವನು ಇಳಿಯುವ ತನಕ ಅಲುಗದೆ ನಿಂತಿತು. ಅವನಿಗೆ ಒಂದು ಗೀರೂ ಆಗಿರಲಿಲ್ಲ. ಇಳಿದವನು ಹಿಂದೆ ಹೋಗಿ ನೋಡಿದ. ಹಿಂಗಾಲು ಮೊಣಕಾಲಿನ ಕೆಳಗೆ ಬೇರೆಯೇ ದಿಕ್ಕಿಗೆ ತಿರುಗಿ ತೂಗುತ್ತಿತ್ತು. ಕೆಂಪಿ ಕತ್ತು ಹೊರಳಿಸಿ ಅವನನ್ನೇ ನೋಡಿತು, ಏನಾಯಿತೆಂದು ಕೇಳುವ ಹಾಗೆ. ಅವನು ಅದರ ಕತ್ತನ್ನು ತಬ್ಬಿ, "ಏನಿಲ್ಲ, ಏನಿಲ್ಲ ಕಣವ್ವ" ಎಂದು ಹೇಳುತ್ತಲೇ ಇದ್ದ. ಹಿರಿಯ ಬಕೆಟ್ಟು ಬಿಸುಟು ಓಡಿ ಬಂದ, ಬಂದವನು ಕಾಲು ನೋಡಿ ಅಲ್ಲೇ ಕುಕ್ಕರಿಸಿದ.

ವೀಣಾ ಊಟಿಯಿಂದ ಬರುವ ತನಕ ಅವರಿಬ್ಬರೂ ಎರಡು ಕಡೆ ನಿಂತು ಅದಕ್ಕೆ ಭುಜ ಕೊಟ್ಟರು. ಜಯರಾಮನ್ ಕೆಳಗೆ ಊರಿನಲ್ಲಿದ್ದರು, ಡಾಕ್ಟರು ಹೇಳಿದ ಹಾಗೆ ಮಾಡಿ ಎಂದು ಫೋನಿನಲ್ಲಿ ಎರಡೇ ಮಾತಾಡಿದರು. ವೀಣಾ ಮುಟ್ಟಿ ನೋಡಿ, ಮೊದಲು ನೋವಿಗೆ ಒಂದು ಚುಚ್ಚುಮದ್ದು ಕೊಟ್ಟರು. ಆಮೇಲೆ ಮಹದೇವಸ್ವಾಮಿಯ ಕಡೆ ತಿರುಗಿ ಇಲ್ಲ ಎನ್ನುವಂತೆ ತಲೆಯಾಡಿಸಿದರು.

ಆಗ ಕಟಕಟೆಯ ಹತ್ತಿರ ಮನುವಿನ ಕೂಗು ಕೇಳಿತು. ಸುಧಾ ಕುರ್ಚಿ ತಳ್ಳಿಕೊಂಡು ಬರುತ್ತಿದ್ದಳು. ಟ್ರ್ಯಾಕಿಗೆ ಇಳಿದ ಕೂಡಲೇ ಗಾಲಿಗಳು ಆ ಮರಳಿನಲ್ಲಿ ಹೂತು ನಿಂತುಬಿಟ್ಟವು. ಅವಳು ತಳ್ಳಿದಳು, ಎಳೆದಳು, ಕುರ್ಚಿ ಒಂದು ಗೇಣು ಸಹ ಕದಲಲಿಲ್ಲ. "ಎತ್ಕೊಳ್ಳಿ ಯಾರಾದ್ರೂ! ನನ್ನ ಎತ್ಕೊಂಡು ಹೋಗಿ!" ಎಂದು ಮನು ಕಿರುಚುತ್ತಿದ್ದ. ಮಹದೇವಸ್ವಾಮಿ ಓಡಿಹೋಗಿ, ಚಿಕ್ಕಂದಿನಲ್ಲಿ ಎತ್ತುತ್ತಿದ್ದ ಹಾಗೆ ತಮ್ಮನನ್ನು ತೋಳಿನಲ್ಲಿ ಎತ್ತಿಕೊಂಡು ಬಂದ. ಹಕ್ಕಿಯ ಹಾಗಿದ್ದ ಮನು ಈಗ ಭಾರವಾಗಿದ್ದ. ಕೆಂಪಿ ಅವನ ವಾಸನೆ ಹಿಡಿದು ಮೂತಿ ಚಾಚಿತು. ಮನುವಿನ ಜೇಬಿನಲ್ಲಿ ಬೆಲ್ಲವಿರಲಿಲ್ಲ. ಬರಿಯ ಅಂಗೈ ಒಡ್ಡಿದ. ಅದು ಅಂಗೈಯನ್ನೇ ನೆಕ್ಕಿತು.

ವೀಣಾ ತಮ್ಮ ಕೆಲಸ ಮಾಡಿ ಮುಗಿಸಿದರು. ಹಿರಿಯ ಕೊನೆಯವರೆಗೂ ತಲೆ ಹಿಡಿದುಕೊಂಡಿದ್ದ. ಕೆಂಪಿ ಮಲಗಿದ ಮೇಲೂ ಬಹಳ ಹೊತ್ತು ಅವನು ಹಿಡಿದ ಹಗ್ಗ ಬಿಡಲಿಲ್ಲ.

"ಅದರ ಮೂಳೆಯಲ್ಲೇ ಏನೋ ಐಬು ಇತ್ತು" ಅಂದ ಮನು, ಮನೆಗೆ ಬಂದ ಮೇಲೆ. ಗೋಡೆ ನೋಡುತ್ತ ಅಂದ.

"ಹೌದು, ಇತ್ತು ಅನ್ಸತ್ತೆ" ಅಂದ ಮಹದೇವಸ್ವಾಮಿ.

ಸುಧಾ ಇಬ್ಬರ ಮುಖವನ್ನೂ ನೋಡಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು.

ಜಯರಾಮನ್ ಎರಡು ದಿನ ಬಿಟ್ಟು ಬೆಟ್ಟ ಹತ್ತಿ ಬಂದರು. ಯಾರ ಮೇಲೂ ರೇಗಲಿಲ್ಲ. ಕೆಂಪಿಯನ್ನು ಹೂತ ಜಾಗಕ್ಕೆ ಹೋಗಿ ಕೈಕಟ್ಟಿ ನಿಂತು ಬಂದರು. ಆಮೇಲೆ ಒಂದೊಂದೇ ಕುದುರೆ ಲಾರಿ ಹತ್ತಿತು. ಕೆಲವು ಚೆನ್ನೈಗೆ, ಕೆಲವು ಬೆಂಗಳೂರಿಗೆ, ಕುಂಟುವವು ಕೊಯಮತ್ತೂರಿನ ತೋಟಕ್ಕೆ. ಬೇಸಿಗೆ ಮುಗಿಯುವಷ್ಟರಲ್ಲಿ ಲಾಯ ಬರಿದಾಯಿತು. ಸೈಸುಗಳು ಚದುರಿದರು, ಕಾಳ ಟೀ ಫ್ಯಾಕ್ಟರಿಯ ಲಾರಿಗೆ ಹೋದ. ಅಣ್ಣತಮ್ಮಂದಿರು ಆ ಮನೆಯಲ್ಲೇ ಇರಬಹುದು, ಸಂಬಳವೂ ನಿಲ್ಲುವುದಿಲ್ಲ ಎಂದು ಜಯರಾಮನ್ ಹೇಳಿದರು. ಹೇಳಿ ಕಾರು ಹತ್ತಿದವರು ಗಾಜು ಇಳಿಸಿ ಟ್ರ್ಯಾಕಿನ ಕಡೆ ಒಮ್ಮೆ ನೋಡಿ ಹೊರಟರು. ಅವರು ಮತ್ತೆ ಬೆಟ್ಟ ಹತ್ತಲಿಲ್ಲ.

ಟ್ರ್ಯಾಕ್ ಮಾತ್ರ ಹಾಗೇ ಬಿದ್ದಿತ್ತು. ಕಿತ್ತು ಒಯ್ಯಿರಿ ಎಂದರೆ ಕಂಪನಿ ಒಪ್ಪಲಿಲ್ಲ. ರಸ್ತೆ ಕೆಲಸದವರಿಗೆ ಬೇಡ, ಇಟ್ಟಿಗೆಯವರಿಗೆ ಬೇಡ. ಸುಟ್ಟರೆ ರಬ್ಬರಿನ ಹೊಗೆ ಕಣಿವೆಯೆಲ್ಲ ಕವಿಯುತ್ತದೆ. ಮಣ್ಣಿಗೆ ಸೇರಿಸಿದರೆ ಮಣ್ಣು ಕೆಡುತ್ತದೆ. ಸಡಿಲಿಸುವವರಿಲ್ಲದೆ, ಅದುಮುವವರಿಲ್ಲದೆ, ಬಿಸಿಲಿಗೆ ಮೇಣ ಬಿಟ್ಟುಕೊಂಡು ಮರಳು, ರಬ್ಬರು, ನಾರು ಮೂರೂ ಬೇರೆ ಬೇರೆಯಾದವು.

ಮೇ ತಿಂಗಳ ಒಂದು ಮಧ್ಯಾಹ್ನ ಜಗುಲಿಯಲ್ಲಿ ಕೂತಿದ್ದಾಗ ಮನು ಇದ್ದಕ್ಕಿದ್ದಂತೆ, "ಅಣ್ಣ, ನಿಂಗೆ ಮೊದಲೇ ಗೊತ್ತಿತ್ತು ಅಲ್ವಾ?" ಅಂದ.

ಮಹದೇವಸ್ವಾಮಿ ಯಾವುದು ಎಂದು ಕೇಳಲಿಲ್ಲ. "ಗೊತ್ತಿರ್ಲಿಲ್ಲ. ಅನುಮಾನ ಇತ್ತು."

"ನಂಗೂ ಇತ್ತು. ದುರ್ಬೀನಲ್ಲಿ ಎಲ್ಲಾ ಕಾಣ್ತಿತ್ತು. ಆ ತಿರುವಿಗೆ ಬಂದ್ರೆ ಪ್ರತಿ ಕುದುರೆನೂ ಹೆಜ್ಜೆ ಗಿಡ್ಡ ಮಾಡ್ತಿತ್ತು. ಹೋದ ವರ್ಷದಿಂದ ನೋಡ್ತಾ ಇದ್ದೆ." ಕುರ್ಚಿಯ ಗಾಲಿ ಸವರುತ್ತ, "ಹೇಳಿದ್ರೆ ನಿಮಗೆಲ್ಲ ಬೇಜಾರಾಗತ್ತೆ ಅಂದ್ಕೊಂಡೆ. ಸಾರ್ ಅಷ್ಟು ಆಸೆಯಿಂದ ಮಾಡ್ಸಿದ್ರು. ನೀನು ಅಷ್ಟು ಖುಷಿಯಾಗಿದ್ದೆ, ನಾನು ನಗ್ತಾ ಇದೀನಿ ಅಂತ" ಅಂದ.

ಮಹದೇವಸ್ವಾಮಿಗೆ ನಗು ಬರಬೇಕೋ ಅಳು ಬರಬೇಕೋ ತಿಳಿಯಲಿಲ್ಲ. ಎದ್ದು ತಮ್ಮನ ಕುರ್ಚಿಯ ಹಿಂದೆ ನಿಂತು ಅವನ ಎರಡೂ ಭುಜ ಹಿಡಿದುಕೊಂಡ. ಇಬ್ಬರೂ ಆ ಕಪ್ಪು ನೆಲ ನೋಡುತ್ತಿದ್ದರು. ಆದದ್ದೆಲ್ಲ ಆಗಿಹೋಗಿತ್ತು.

ಮಳೆ ಹಿಡಿದ ಮೇಲೆ ಹಿರಿಯ ಒಂದು ದಿನ ಗೋಣಿಚೀಲ ತಲೆಗೆ ಹಾಕಿಕೊಂಡು ಬಂದ. ಹಿಂದೆ ಹಟ್ಟಿಯ ಇಬ್ಬರು ಹೆಂಗಸರಿದ್ದರು. ಅವನ ಅಂಗೈಯಲ್ಲಿ ಮಣ್ಣು, ಮಣ್ಣಿನ ತುಂಬ ಕಪ್ಪು ಚೂರು.

"ಎಂಗ ಕ್ಯಾರೆಟ್ ಹೊಲದೊಳಗೆ ಇಳಿದದೆ ಅಣ್ಣ. ತೊರೆ ನೀರಲ್ಲೂ ತೇಲ್ತದೆ. ದನ ಮೂಸಿ ನೋಡಿ ಕುಡಿಯಲೊಲ್ಲವು. ಹಟ್ಟಿಯವರು ನನ್ನ ಕೇಳ್ತಾರೆ, ನೀ ಕೆಲಸ ಮಾಡಿದ ಜಾಗ ತಾನೆ ಅಂತ. ನಾ ಯಾರ ಕೇಳಲಿ?"

ಮಹದೇವಸ್ವಾಮಿ ಜಯರಾಮನ್‌ಗೆ ಫೋನು ಮಾಡಿದ. ಅವರ ಮಗ ಎತ್ತಿಕೊಂಡು, ಅಪ್ಪನಿಗೆ ಮೈ ಸರಿಯಿಲ್ಲ, ಮಳೆ ನಿಲ್ಲಲಿ ನೋಡೋಣ ಅಂದ. ಮಳೆ ಈಗಷ್ಟೇ ಶುರುವಾಗಿತ್ತು.

ಬೇರೆ ದಾರಿ ಕಾಣದೆ ಮಹದೇವಸ್ವಾಮಿ, ಹಿರಿಯ, ಆ ಹೆಂಗಸರು ಲಾಯದಲ್ಲಿ ಉಳಿದಿದ್ದ ಹುರುಳಿಯ ಖಾಲಿ ಚೀಲಗಳಿಗೆ ಮಣ್ಣು ತುಂಬಿ, ಟ್ರ್ಯಾಕಿನ ಕೆಳಗಿನ ಅಂಚಿನಲ್ಲಿ ಸಾಲಾಗಿ ಪೇರಿಸಿದರು. ಸುಧಾ ಸೆರಗು ಸಿಕ್ಕಿಸಿಕೊಂಡು ಬಂದು ಕೈಜೋಡಿಸಿದಳು. ಸಂಜೆಯ ಹೊತ್ತಿಗೆ ಒಡ್ಡು ಮೊಣಕಾಲೆತ್ತರ ಎದ್ದಿತು. ಒಂದು ರಾತ್ರಿ ಅದು ತಡೆಯಿತು. ಮರುದಿನದ ಮಳೆಗೆ ನೀರು ಒಡ್ಡಿನ ಹಿಂದೆ ನಿಂತು, ಉಬ್ಬಿ, ಒಂದು ಮೂಲೆಯ ಚೀಲಗಳನ್ನು ಉರುಳಿಸಿಕೊಂಡು ಹೋಯಿತು. ಮತ್ತೆ ಪೇರಿಸಿದರು. ಜಗುಲಿಯ ತುದಿಗೆ ಕುರ್ಚಿ ತಂದುಕೊಂಡ ಮನು, ಎಲ್ಲಿ ಸೋರುತ್ತಿದೆ ಎಂದು ಅಲ್ಲಿಂದಲೇ ಕೂಗಿ ಹೇಳುತ್ತಿದ್ದ.

"ಎಡಕ್ಕೆ ಅಣ್ಣ, ಬೇಲಿ ಹತ್ತಿರ! ಅಲ್ಲಲ್ಲ, ಇನ್ನೂ ಕೆಳಗೆ!"

ಮಹದೇವಸ್ವಾಮಿ ಒಂದು ಚೀಲ ಹೆಗಲಿಗೇರಿಸಿ ಅತ್ತ ಓಡಿದ. ಅವನು ಅದನ್ನು ಇಟ್ಟು ಸೊಂಟ ನೆಟ್ಟಗೆ ಮಾಡುವಷ್ಟರಲ್ಲಿ ಕಪ್ಪು ನೀರು ಪಕ್ಕದ ಸಂದಿನಿಂದ ತೆಳ್ಳಗೆ ಹೊರಟು, ಹೊಲದ ಪಾತಿಯ ಕಡೆಗೆ ಇಳಿಯುತ್ತಿತ್ತು. ಹಿರಿಯ ಇನ್ನೊಂದು ಚೀಲದ ಬಾಯಿ ಹಿಡಿದು ನಿಂತಿದ್ದ. ಮಹದೇವಸ್ವಾಮಿ ಸಲಿಕೆ ಎತ್ತಿಕೊಂಡ.